ರೞ

ಸುಣ್ಣ ಬಳಿಯುವವರು ಬರುವ ಮೊದಲು
ಚರ್ಚಿನ ಕಪಾಟು ಖಾಲಿಯಾಗಬೇಕಂತೆ.
"ಒಮ್ಮೆ ನೋಡಿ ಮೇಷ್ಟ್ರೇ, ಬೇಡದ್ದಾದರೆ ಒಲೆಗೆ"
ಅಂದರು ಖಜಾಂಚಿ ಸೋಲೊಮನ್ ದೇವಪ್ಪ.
ಹನ್ನೊಂದು ಬಿಸ್ಕತ್ತಿನ ಡಬ್ಬ. ಒಳಗೆ
ಇಸ್ಪೀಟಿನ ಎಲೆಯಷ್ಟಗಲದ ಚೀಟಿಗಳು,
ಚೀಟಿಗೊಂದು ಪದ, ಪದದ ಕೆಳಗೆ ಅರ್ಥ,
ಅರ್ಥದ ಕೆಳಗೆ ಸಾಕ್ಷಿ.

ಬರೆದವರು ರೆವರೆಂಡ್ ಥಿಯೋಫಿಲಸ್ ಪ್ರಾಕ್ಟರ್.
ಹಾಸನದ ನಾಲಗೆಗೆ ಅದು ಹೊರಳದೆ
ಪರಾಕು ಪಾದ್ರಿ ಆದರು.
ಗ್ರೀಕು ಬರುತ್ತಿತ್ತು, ಲ್ಯಾಟಿನ್ನು ಬರುತ್ತಿತ್ತು,
ಹೀಬ್ರೂ ಬಲದಿಂದ ಎಡಕ್ಕೆ ಬರುತ್ತಿತ್ತು,
ಕುದುರೆ ಹತ್ತಲು ಮಾತ್ರ ಬರುತ್ತಿರಲಿಲ್ಲ.
ಎತ್ತಿನ ಗಾಡಿಯಿಂದ ಉದ್ದನೆ ಕಾಲು ಹೊರಗೆ ಚಾಚಿ
ಮೊಸಳೆಗೆ, ದುದ್ದಕ್ಕೆ, ಕೊಂಡಜ್ಜಿಗೆ ಹೋಗಿ
ಅಗಸರು ಬಟ್ಟೆ ಒಗೆಯುವ ಕಲ್ಲನ್ನು
"ಅರ್ಧ ಗಂಟೆ ಕೊಡಿರಯ್ಯಾ" ಎಂದು ಬೇಡಿ, ಮಗುಚಿ,
ಅಡಿಮೈಯ ಅಕ್ಷರಗಳನ್ನು ಇದ್ದಿಲಿನಿಂದ
ಕಾಗದಕ್ಕೆ ಉಜ್ಜಿಕೊಂಡು ಬರುವರು.

ಪಾಠಕ್ಕೆ ಬೊಮ್ಮರಸ ಇಂದ್ರರು.
ಬಂಗಲೆಯ ನೀರೂ ಮುಟ್ಟರು.
ಹೊತ್ತು ಮುಳುಗುವುದರೊಳಗೆ ಅವರ ಊಟ ಆಗಬೇಕು,
ಹೀಗಾಗಿ ಎಷ್ಟೋ ಪದ್ಯಗಳು ಮೂರನೇ ಸಾಲಿನಲ್ಲೇ ನಿಂತು
ರಾತ್ರಿ ಕಳೆಯುತ್ತಿದ್ದವು.

ಪಾದ್ರಿಯ ಗೀಳು ಒಂದೇ ಅಕ್ಷರ.
"ಈ ೞ, ಪಂಡಿತರೇ, ನುಡಿಯುವುದು ಹೇಗೆ?"
"ಬರೆಯಬಲ್ಲೆ. ಉಚ್ಚಾರ ಸತ್ತು ಆರುನೂರು ವರ್ಷ."
"ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು.
ಕಿವಿಗೆ ಎರಡೂ ಒಂದೇ ಆದಮೇಲೆ
ಜನ ಗುರುತಿಸಿದ್ದು ಹೇಗೆ?"
"ಗುರುತಿಸಿದ್ದರೆ
ಊರಿಗಿಷ್ಟು ವೀರಗಲ್ಲು ಯಾಕೆ ಇರುತ್ತಿದ್ದವು"
ಎಂದ ಇಂದ್ರರು ಕೊಡೆ ಎತ್ತಿಕೊಂಡು ಹೊರಟರು.

ಭಾನುವಾರ, ಒಂಬತ್ತು ಜನರ ಸಭೆಗೆ, ಹಳಗನ್ನಡದಲ್ಲಿ ಪ್ರಸಂಗ:
"ಪೇೞ್ವೆಂ, ಕೇಳಿಂ."
ಕೇಳಿದರು. ಹೊರಗೆ ಬಂದು
ದೊರೆ ಇವತ್ತು ಇಂಗ್ಲಿಷು ಚೆನ್ನಾಗಿ ಮಾತಾಡಿದರು
ಎಂದುಕೊಂಡು ಮನೆಗೆ ಹೋದರು.

ಆ ಸಂಜೆಯೇ ಹಿತ್ತಿಲಲ್ಲಿ
ಈರೋಡು ಕಡೆಯ ಅಡುಗೆಯವನು ಜ್ಞಾನಮುತ್ತು
ಬುಟ್ಟಿ ಬಡಿದು ಕೂಗಿದನಂತೆ:
"ಕೋೞಿ! ಏ ಕೋೞಿ!"
ಒಂದೇ ಕಾಲಿನ ಬೂಟಿನಲ್ಲಿ ಓಡಿಬಂದರು ಪಾದ್ರಿ.
ಮತ್ತೆ ಹೇಳು. ಇನ್ನೊಮ್ಮೆ. ನಾಲಗೆ ತೋರಿಸು.
ಲೆಕ್ಕಕ್ಕೆ ಒಂದು ಕೋಳಿ ಕಡಿಮೆಯಾಯಿತೋ ಎಂದು ಅವನಿಗೆ ನಡುಕ.
ಹದಿನಾಲ್ಕು ಸಲ ಹೇಳಿಸಿದರು. ಹುಂಜಕ್ಕೂ ಬೇಸರವಾಗಿ ಬೇಲಿ ಹಾರಿತು.
ಮರುದಿನ ಇಂದ್ರರು, ಮೂಗಿಗೆ ಉತ್ತರೀಯ ಹಿಡಿದು,
ಅಡುಗೆಮನೆಯ ಬಾಗಿಲಿಂದ ಮಾರು ದೂರ ನಿಂತು ಕೇಳಿ
ಕಣ್ಣು ಮುಚ್ಚಿದರು:
"ಇದೇ ಇರಬೇಕು."

ಇದೆಲ್ಲ ಚೀಟಿಗಳ ಅಂಚಿನಲ್ಲೇ ಇದೆ.
ನಾಲ್ಕನೇ ಡಬ್ಬದಲ್ಲಿ 'ಅಳೆ'.
ಸಾಕ್ಷಿ: ಗದ್ದೆ ಅಳೆದ ಕೋಲಿನ ಲೆಕ್ಕ, ದುದ್ದದ ಶಾಸನ.
ಅದಕ್ಕೆ ಅಂಟಿಕೊಂಡೇ 'ಅೞ್'. ಅರ್ಥ: ರೋದಿಸು.
ಸಾಕ್ಷಿ ಶಾಸನದ್ದಲ್ಲ, ಕಾವ್ಯದ್ದಲ್ಲ.
"ಅೞಾದೀಂಗ ಅಯ್ಯಾ. ಜ್ಞಾನಮುತ್ತು, ಅಡುಗೆಯವನು.
ಹಾಸನ, ಮಾರ್ಚಿ ೬, ೧೮೬೯, ಬೆಳಗಿನ ಜಾವ."

ಸಮಾಧಿ ದಫ್ತರ ತೆಗೆಸಿ ನೋಡಿದೆ. ಅದೇ ತಾರೀಖು, ಅದೇ ಕೈಬರಹ:
ಹ್ಯಾರಿಯೆಟ್ ಪ್ರಾಕ್ಟರ್, ನಾಲ್ಕು ವರ್ಷ ಎರಡು ತಿಂಗಳು.
ಪೆಟ್ಟಿಗೆ ಮೂರಡಿ ಏಳಂಗುಲ.
ಜ್ಞಾನಮುತ್ತುವಿನ ಹೆಸರು
ಮದುವೆಯಲ್ಲೂ ಇಲ್ಲ, ಮಣ್ಣಿನಲ್ಲೂ ಇಲ್ಲ.

ಮೂವತ್ತೊಂದು ವರ್ಷ ಹಳಗನ್ನಡ ಪಾಠ ಹೇಳಿದವನು ನಾನು,
ಆ ಅಕ್ಷರ ಬಂದಾಗಲೆಲ್ಲ ಳ ಎಂದು ಓದಿ ಮುಂದೆ ಹೋದವನು.
ಯಾರೂ ಇಲ್ಲವೆಂದು ನಾಲಗೆಯನ್ನು ಹಿಂದಕ್ಕೆ ಮಡಚಿ
ಅಂಗಳಕ್ಕೆ ತಾಗಿಸದೆ ಹಿಡಿದು ನೋಡಿದೆ.
ಏಣಿ ಹೊತ್ತು ಬಂದ ಸುಣ್ಣದ ಹುಡುಗ ಕೇಳಿದ,
"ಕರೆದ್ರಾ ಸಾರ್?"

ಹನ್ನೊಂದು ಡಬ್ಬ. ನನ್ನ ಸ್ಕೂಟರಿಗೆ
ಮೂರು ಸಲದ ಸಾಗಾಟ.